ವೆಂಕಟರತ್ನಮ್ಮನ ಬುದ್ಧಿ ಹಲ್ಲು

ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ಬೆಳಗಿನ ರೈಲಿನಲ್ಲಿ ಆಗ ಒಂದು ಡಬ್ಬಿಗೆ ಹೆಸರೇ ಬಿದ್ದಿತ್ತು, ರತ್ನಕ್ಕನ ಡಬ್ಬಿ ಅಂತ. ಮೊಸರಿನ ಬಿಂದಿಗೆಯನ್ನು ಸಿಂಬೆಯ ಮೇಲೆ ಕೂರಿಸಿ, ಬಾಗಿಲ ಪಕ್ಕ ಕಾಲು ಚಾಚಿ ಕೂತು ಆಕೆ ಮಾತಿಗೆ ಶುರುಮಾಡಿದರೆ ಬೇರೆ ಯಾರ ಮಾತೂ ಕೇಳುತ್ತಿರಲಿಲ್ಲ. ಆದರೂ ಗಣಿ ಕೆಲಸದವರು, ಸ್ಕೂಲಿನ ಮೇಷ್ಟ್ರುಗಳು, ಸೊಪ್ಪು ಮಾರುವ ಹೆಂಗಸರು ಎಲ್ಲರೂ ನುಗ್ಗಿ ಆ ಡಬ್ಬಿಗೇ ಹತ್ತುತ್ತಿದ್ದರು. ಇದು ಎಂಬತ್ತರ ದಶಕದ ನಡುವಿನ ಮಾತು. ಕೋಲಾರದ ಚಿನ್ನದ ಗಣಿಗಳು ಇನ್ನೂ ನಡೆಯುತ್ತಿದ್ದವು, ಮೈಸೂರು ಮೈನ್ಸಿನ ಲೈನ್ ಮನೆಗಳಲ್ಲಿ ಮೊಸರು ಕೊಳ್ಳುವ ಕೈಗಳಿದ್ದವು.

ಪೂರ್ತಿ ಹೆಸರು ವೆಂಕಟರತ್ನಮ್ಮ. ನಮ್ಮೂರು ಪಾಪೇನಹಳ್ಳಿ, ಬಂಗಾರಪೇಟೆ ಸ್ಟೇಷನ್ನಿಗೆ ನಡೆದು ಹೋಗುವಷ್ಟು ಹತ್ತಿರ. ಆಕೆಯ ಮನೆಯಲ್ಲಿ ಎರಡು ಎಮ್ಮೆ, ಒಂದಿಷ್ಟು ರಾಗಿ ಹೊಲ ಮತ್ತು ಮುನಿಸ್ವಾಮಪ್ಪ ಇದ್ದರು. ಮುನಿಸ್ವಾಮಪ್ಪ ಅಂದರೆ ಗಂಡ. ಆತ ಮಾತಾಡಿದ್ದನ್ನು ಕೇಳಿದವರು ಊರಲ್ಲಿ ಕಡಿಮೆ. ಏನು ಕೇಳಿದರೂ "ಊಂ", ಇಲ್ಲವೇ "ಊಹೂಂ". ಬಹಳ ಸಂತೋಷವಾದ ದಿನ "ಆಗ್ಲೇಳು". ಮನೆಗೆ ಬೇಕಾದ ಮಾತನ್ನೆಲ್ಲ ಹೆಂಡತಿಯೇ ಆಡುತ್ತಿದ್ದರಿಂದ ಆತನಿಗೆ ಅದರ ಅಗತ್ಯವೂ ಬಿದ್ದಿರಲಿಲ್ಲ.

ಮಾತಿನ ಜೊತೆಗೆ ರತ್ನಕ್ಕನಿಗೆ ಇನ್ನೊಂದು ಹೆಸರೂ ಇತ್ತು. ಊರಿನ ಸಣ್ಣಪುಟ್ಟ ಜಗಳಗಳಿಗೆ ನ್ಯಾಯ ಹೇಳುವವಳು ಆಕೆಯೇ. ಪಂಚಾಯ್ತಿ ಕಟ್ಟೆಯ ಗಂಡಸರು ಒಂದು ಜಗಳವನ್ನು ಉಗಾದಿಯಿಂದ ದೀಪಾವಳಿಗೆ ಎಳೆಯುತ್ತಿದ್ದರು. ರತ್ನಕ್ಕ ಎಮ್ಮೆ ಹಾಲು ಕರೆದು ಮುಗಿಸುವಷ್ಟರಲ್ಲಿ ತೀರ್ಮಾನ ಹೇಳಿ ಎದ್ದು ಹೋಗುತ್ತಿದ್ದಳು. ಸೊಸೆ ಅತ್ತೆಯ ಮಾತಿರಲಿ, ಬೇಲಿ ಹಾರಿದ ಆಡಿನ ವಿಚಾರವಿರಲಿ, ಜನ ಬಂದು ಆಕೆಯ ಜಗಲಿಯ ಮುಂದೆ ನಿಲ್ಲುತ್ತಿದ್ದರು.

ಆ ವರ್ಷದ ದೊಡ್ಡ ವ್ಯಾಜ್ಯ ಕೋದಂಡಪ್ಪನ ಕೋಳಿಯದು. ಕೋದಂಡಪ್ಪ ಮತ್ತು ಆಂಜಿನಪ್ಪ ಅಕ್ಕಪಕ್ಕದ ಮನೆಯವರು. ಕೋದಂಡಪ್ಪನ ಕೆಂಪು ಕೋಳಿ ತನ್ನ ಮನೆಯ ಗೂಡು ಬಿಟ್ಟು ಆಂಜಿನಪ್ಪನ ಹುಲ್ಲಿನ ಮೆದೆಯಲ್ಲಿ ಮೊಟ್ಟೆ ಇಡಲು ಶುರುಮಾಡಿತ್ತು. ನನ್ನ ಮೆದೆಯಲ್ಲಿ ಸಿಕ್ಕಿದ್ದು ನನ್ನದು ಅಂತ ಆಂಜಿನಪ್ಪ. ನನ್ನ ಕೋಳಿ ಇಟ್ಟಿದ್ದು ನನ್ನದು ಅಂತ ಕೋದಂಡಪ್ಪ. ಇಬ್ಬರೂ ಬಂದಾಗ ರತ್ನಕ್ಕ ಕೆಚ್ಚಲು ತೊಳೆಯುತ್ತಿದ್ದಳು. ತಿರುಗಿಯೂ ನೋಡಲಿಲ್ಲ.

"ಲೋ ಆಂಜಿನಪ್ಪ, ನಿನ್ ಎಮ್ಮೆ ಇನ್ನೊಬ್ರ ಒಲದಾಗೆ ಈದ್ರೆ ಕರಾನ ಅಲ್ಲೇ ಬಿಟ್ಬತ್ತೀಯೇನ್ಲಾ?"

"ಅದೆಂಗಾದೀತಕ್ಕಾ."

"ಇದೂ ಅಂಗೇ. ಕೋಳಿ ಯಾರ್ದೋ ಮೊಟ್ಟೆ ಅವರ್ದೇ. ಓಗ್ರಿನ್ನ."

ಆಂಜಿನಪ್ಪ ಹೋದ. ಆದರೆ ಹೋಗುವಾಗ ಕಾಲು ಎಳೆದ ರೀತಿ ನೋಡಿದರೆ ಆತನಿಗೆ ಒಪ್ಪಿಗೆಯಾಗಿಲ್ಲ ಅನ್ನುವುದು ಎಮ್ಮೆಗೂ ಗೊತ್ತಾಗುವಂತಿತ್ತು.

ಇದಾದ ಕೆಲವೇ ದಿನಕ್ಕೆ ರತ್ನಕ್ಕನಿಗೆ ಹಲ್ಲು ನೋವು ಶುರುವಾಯಿತು. ಎಡಗಡೆ, ಕೆಳಗೆ, ಎಲ್ಲ ಹಲ್ಲುಗಳ ಹಿಂದೆ, ನಾಲಿಗೆಯ ಬುಡದ ಹತ್ತಿರ. ಮೊದಲು ಸುಮ್ಮನೆ ಮಿಡಿಯುತ್ತಿತ್ತು. ಆಮೇಲೆ ಕಿವಿಗೆ ಹತ್ತಿತು. ಆಮೇಲೆ ತಲೆಯ ಅರ್ಧ ಭಾಗ ಅದರದೇ ಆಗಿಹೋಯಿತು. ಲವಂಗ ಕಚ್ಚಿದಳು. ಹೊಗೆಸೊಪ್ಪು ಅದುಮಿಟ್ಟುಕೊಂಡಳು. ಯಾರೋ ಹೇಳಿದರೆಂದು ಕೆನ್ನೆಗೆ ಸುಣ್ಣ ಬಳಿದುಕೊಂಡಳು. ನೋವು ಹೋಗಲಿಲ್ಲ, ಕೆನ್ನೆಯ ಚರ್ಮ ಹೋಯಿತು.

ಕೊನೆಗೆ ಸಂತೆಯ ದಿನ ಬಂಗಾರಪೇಟೆಯಲ್ಲಿ ಕೂರುವ, ಹಲ್ಲಿನ ಹುಳ ತೆಗೆಯುವವನ ಹತ್ತಿರ ಹೋದಳು. ಆತ ಕೆಂಡದ ಮೇಲೆ ಏನೋ ಬೀಜ ಉದುರಿಸಿ, ಮೇಲೆ ತಟ್ಟೆ ಮುಚ್ಚಿ, ಒಂದು ಕೊಳವೆಯಿಂದ ಹೊಗೆಯನ್ನು ಬಾಯಿಯ ಒಳಗೆ ಬಿಟ್ಟ. ರತ್ನಕ್ಕ ಕೆಮ್ಮಿ ಕೆಮ್ಮಿ ಕಣ್ಣೀರು ಸುರಿಸಿದ ಮೇಲೆ ತಟ್ಟೆ ತೆಗೆದು ತೋರಿಸಿದ. ಅದರ ತಳದಲ್ಲಿ ಬಿಳಿ ಬಿಳಿ ಸಣ್ಣ ಹುಳಗಳು ಅಂಟಿಕೊಂಡಿದ್ದವು.

"ನೋಡಮ್ಮ, ಎಷ್ಟು ಉಳ ಇದ್ವು ನಿನ್ ಅಲ್ಲಾಗೆ!"

ರತ್ನಕ್ಕ ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಬೆರಳಿನಿಂದ ಒಂದನ್ನು ಒತ್ತಿದಳು.

"ಉಳ ಅಲ್ವಲ್ಲಯ್ಯ ಇವು. ಬೀಜ ಬಿರ್ತು ಒಳಗಿನ್ ತಿರ್ಳು ಎಗರೈತೆ. ನನ್ ಬಾಯಿಂದ ಬಂದಿದ್ರೆ ತಟ್ಟೆ ತಳಕ್ಕೆ ಎಂಗೆ ಅಂಟ್ಕಂತು?"

ಆತ ಸಂತೆ ಮುಗಿಯುವ ಮೊದಲೇ ಕೆಂಡ ಆರಿಸಿ ಗಂಟು ಕಟ್ಟಿದ. ನ್ಯಾಯ ಹೇಳಿದ ಸಂತೋಷ ರತ್ನಕ್ಕನಿಗೆ ಊರಿನ ತನಕ ಇತ್ತು. ಊರು ಮುಟ್ಟುವಾಗ ನೋವು ಮತ್ತೆ ಬಂತು.

ಮಾರನೆಯ ದಿನದಿಂದ ಬಾಯಿ ತೆರೆಯುವುದೇ ಕಷ್ಟವಾಯಿತು. ದವಡೆ ಬಿಗಿದು, ಬಾಯಿಗೆ ಒಂದು ಬೆರಳು ಮಾತ್ರ ತೂರುವಂತಾಯಿತು. ನಮ್ಮ ಕಡೆ ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತೇವೆ. ಆದರೆ ನುಂಗಬೇಕಾದರೂ ಮೊದಲು ಅದು ಬಾಯಿಯ ಒಳಗೆ ಹೋಗಬೇಕಲ್ಲ. ಕಡಲೆಕಾಯಿಯಷ್ಟು ಸಣ್ಣ ಮುದ್ದೆ ಮಾಡಿ ಸಂದಿನಲ್ಲಿ ತೂರಿಸಿಕೊಂಡು ತಿನ್ನುತ್ತಿದ್ದ ರತ್ನಕ್ಕನನ್ನು ನೋಡಿ ಮುನಿಸ್ವಾಮಪ್ಪ ತಾನೂ ಅರ್ಧ ಊಟಕ್ಕೆ ಎದ್ದುಬಿಡುತ್ತಿದ್ದ.

ಹಾಗೇ ಮೊಸರು ಮಾರಲು ಹೋದಾಗ ಮೈಸೂರು ಮೈನ್ಸಿನ ಲೈನಿನಲ್ಲಿ ಪಾಪಕ್ಕ ಹಿಡಿದು ನಿಲ್ಲಿಸಿದಳು. ಪಾಪಕ್ಕ ಹಳೆಯ ಗಿರಾಕಿ. ಗಂಡ ಕುಪ್ಪುಸ್ವಾಮಿ ಗಣಿಯ ಒಳಗೆ ಇಳಿಯುವ ಕೆಲಸದವನು. ಪಾಪಕ್ಕ ತಾನು ಆಂಡರ್ಸನ್‌ಪೇಟೆಯ ಒಬ್ಬ ಹಲ್ಲಿನ ಡಾಕ್ಟರ ಹತ್ತಿರ ಆಯಾ ಕೆಲಸ ಮಾಡುತ್ತಿದ್ದಳು. ಮನೆ ಮಾತು ತಮಿಳು. ರತ್ನಕ್ಕನ ಜೊತೆ ಮಾತ್ರ ಕನ್ನಡವನ್ನು ತಮಿಳಿನಲ್ಲಿ ಅದ್ದಿ ಆಡುತ್ತಿದ್ದಳು.

"ಅಯ್ಯಯ್ಯೋ ರತ್ನಕ್ಕಾ, ಏನು ಇದು ಮೂತಿ? ಒಂದು ಸೈಡು ನೀನು, ಒಂದು ಸೈಡು ಬೇರೆ ಯಾರೋ!"

ರತ್ನಕ್ಕ ಹಲ್ಲಿನ ಸಂದಿನಿಂದ ಎಲ್ಲ ಹೇಳಿದಳು.

"ನಮ್ ಡಾಕ್ಟರ್ ಅತ್ರ ಬಾ. ಅವ್ರ ಕೈ ಪೂ ಮಾದಿರಿ, ಹೂವು ಇದ್ದಂಗೆ. ಪಯ ಪಡಬೇಡ, ನಾನು ಅಲ್ಲೇ ಇರ್ತೀನಿ."

ಭಯವಿಲ್ಲ ಅಂತ ರತ್ನಕ್ಕ ಹೇಳಿದಳು. ಆದರೆ ಆ ದಿನ ರೈಲಿನಲ್ಲಿ ವಾಪಸು ಬರುವಾಗ ಡಬ್ಬಿಯಲ್ಲಿದ್ದವರೆಲ್ಲ ಸೇರಿ ಆಕೆಗೆ ಬೇಕಾದಷ್ಟು ಭಯ ಕೊಟ್ಟರು. ಹಲ್ಲು ಕಿತ್ತರೆ ಕಣ್ಣಿನ ನರ ಹೋಗುತ್ತದೆ ಅಂತ ಒಬ್ಬರು. ತಮ್ಮ ದೊಡ್ಡಪ್ಪನಿಗೆ ಕಿವಿ ಹೋಯಿತು ಅಂತ ಇನ್ನೊಬ್ಬರು. ಮೇಷ್ಟ್ರೊಬ್ಬರು ಮಾತ್ರ ಕನ್ನಡಕ ಸರಿಮಾಡಿಕೊಂಡು ಹೇಳಿದರು: "ಎಲ್ಲಕ್ಕಿಂತ ಹಿಂದಿನದಾ? ಹಾಗಾದ್ರೆ ಅದು ಬುದ್ಧಿ ಹಲ್ಲು."

ಡಬ್ಬಿಯವರೆಲ್ಲ ರತ್ನಕ್ಕನ ಕಡೆ ತಿರುಗಿದರು. ಊರಿಗೆಲ್ಲ ನ್ಯಾಯ ಹೇಳುವವಳ ಬುದ್ಧಿ ಹಲ್ಲು!

ಡಾಕ್ಟರ ಹೆಸರು ಜಯರಾಮಪ್ಪ. ಮೊದಲ ದಿನ ಅವರು ಹಲ್ಲು ಮುಟ್ಟಲೇ ಇಲ್ಲ. ಒಳಗೆ ಕೀವಿದೆ, ಅದು ಇಳಿಯಲಿ, ಆಮೇಲೆ ನೋಡೋಣ ಅಂತ ಮಾತ್ರೆ ಬರೆದುಕೊಟ್ಟು ಕಳಿಸಿದರು. ಮುಂದಿನ ಸಲ ಮುನಿಸ್ವಾಮಪ್ಪನ ಜೊತೆ ಹೋದಾಗ ಬಾಯಿ ಕೊಂಚ ತೆರೆಯುತ್ತಿತ್ತು. ಹೆಬ್ಬೆರಳಿನಷ್ಟಗಲದ ಒಂದು ಫಿಲಂ ಕಚ್ಚಿಸಿ ಎಕ್ಸ್‌ರೇ ತೆಗೆದರು. ತೊಳೆದ ಮೇಲೆ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಇಬ್ಬರಿಗೂ ತೋರಿಸಿದರು.

"ನೋಡಮ್ಮ, ಬೇರೆ ಹಲ್ಲೆಲ್ಲ ನಿಂತಿವೆ. ಇದೊಂದು ಮಲಗಿದೆ. ಮುಂದಿನ ಹಲ್ಲನ್ನ ತಲೆಯಿಂದ ಗುಮ್ಮುತ್ತಾ ಇದೆ."

"ಓಣ್ಯಾಗೆ ಅಡ್ಡ ಮಲಗಿರೋ ಎಮ್ಮೆ ಇದ್ದಂಗೈತೆ," ಅಂದಳು ರತ್ನಕ್ಕ.

"ಸರಿಯಾಗಿ ಹೇಳಿದೆ. ಅದನ್ನ ಎಬ್ಬಿಸೋಕಾಗಲ್ಲ. ಎರಡು ತುಂಡು ಮಾಡಿ ಹೊರಗೆ ತರಬೇಕು."

ರತ್ನಕ್ಕ ಗಂಡನ ಮುಖ ನೋಡಿದಳು. ಮುನಿಸ್ವಾಮಪ್ಪ ನೆಲ ನೋಡುತ್ತಿದ್ದ. ಕೊನೆಗೆ ಆಕೆಯೇ ಗಂಟಲು ಸರಿಮಾಡಿಕೊಂಡು ಕೇಳಿದಳು.

"ಸೋಮಿ, ಇದು ಬುದ್ಧಿ ಅಲ್ಲು ಅಂತೆ. ಕಿತ್ರೆ ಬುದ್ಧಿ ಓಗಲ್ವಾ?"

ಡಾಕ್ಟರು ನಕ್ಕರು. "ಏನೂ ಆಗಲ್ಲಮ್ಮ. ನನ್ನ ನಾಲ್ಕೂ ಬುದ್ಧಿ ಹಲ್ಲು ತೆಗೆಸಿದೀನಿ."

ರತ್ನಕ್ಕ ಅವರನ್ನು ಮೇಲಿನಿಂದ ಕೆಳಗಿನ ತನಕ ಒಂದು ಸಲ ನೋಡಿದಳು. ಆಗ ತಾನೇ ಡಾಕ್ಟರು ತಮ್ಮ ಮೂಗಿನ ಮೇಲೇ ಇದ್ದ ಕನ್ನಡಕವನ್ನು ಮೇಜಿನ ಮೇಲೆಲ್ಲ ಹುಡುಕುತ್ತಿದ್ದರು. ಆಕೆಗೆ ಧೈರ್ಯ ಬರಲಿಲ್ಲ. ಆದರೂ, ನೋವಿಗೆ ಸಾಕಾಗಿ ಹೋಗಿದ್ದರಿಂದ, ಕುರ್ಚಿಗೆ ಒರಗಿ ಕಣ್ಣು ಮುಚ್ಚಿದಳು.

ಸೂಜಿಯನ್ನು ನೋಡಿ ಮೊದಲು ಬಿದ್ದದ್ದು ಮುನಿಸ್ವಾಮಪ್ಪ. ಬಾಗಿಲ ಬಳಿ ನಿಂತಿದ್ದ ಆತ, ಡಾಕ್ಟರು ಸೂಜಿಯನ್ನು ಮೇಲೆತ್ತಿ ಗಾಳಿ ತೆಗೆದದ್ದೇ ತಡ, ಗೋಡೆಗೆ ಬೆನ್ನು ಜಾರಿಸುತ್ತಾ ಜಾರಿಸುತ್ತಾ ಮೆಲ್ಲಗೆ ಕೂತು, ಕೂತವನು ಹಾಗೇ ಮಲಗಿದ. ಪಾಪಕ್ಕ ಓಡಿಹೋಗಿ ಮುಖಕ್ಕೆ ನೀರು ಚಿಮುಕಿಸಿದಳು. ಕುರ್ಚಿಯಲ್ಲಿದ್ದ ರತ್ನಕ್ಕ ಒಂದು ಕಣ್ಣು ತೆರೆದು ಕೇಳಿದಳು.

"ಎಲ್ಲಿ ಓದ್ರು?"

"ಎಲ್ಲೂ ಓಗಿಲ್ಲಕ್ಕಾ. ಕೆಳಗೆ ಅವ್ರೆ," ಅಂದಳು ಪಾಪಕ್ಕ.

ಇಂಜೆಕ್ಷನ್ ಇರುವೆ ಕಚ್ಚಿದ ಹಾಗೆ ಆಯಿತಂತೆ. ದೊಡ್ಡ ಇರುವೆ. ಆಮೇಲೆ ಅರ್ಧ ನಾಲಿಗೆ, ಅರ್ಧ ತುಟಿ ಜೋಮು ಹಿಡಿದವು. ತನ್ನ ಕೆಳತುಟಿ ತನ್ನದಲ್ಲ, ಯಾರೋ ಮರೆತು ಬಿಟ್ಟುಹೋದ ಬೋಂಡ ಅಲ್ಲಿ ನೇತಾಡುತ್ತಿದೆ ಅಂತ ಅನ್ನಿಸಿತಂತೆ. ಡಾಕ್ಟರು ಒಸಡು ಬಿಡಿಸಿದರು, ಅದು ತಿಳಿಯಲಿಲ್ಲ. ಮಿಷನ್ ಹಚ್ಚಿ ಹಲ್ಲು ಕೊಯ್ಯಲು ತೊಡಗಿದಾಗ ನೋವಿರಲಿಲ್ಲ, ಸದ್ದಿತ್ತು. ಬಂಗಾರಪೇಟೆಯಲ್ಲಿ ರೈಲು ಹಳಿ ಬದಲಿಸುವ ಸದ್ದು ತಲೆಯ ಒಳಗಿಂದಲೇ ಬಂದರೆ ಹೇಗಿರುತ್ತದೆ, ಹಾಗೆ ಅಂತ ಆಕೆ ಆಮೇಲೆ ಹೇಳುತ್ತಿದ್ದಳು. ಹಲ್ಲಿನ ಮುಂದಿನ ತುಂಡು ಸುಲಭವಾಗಿ ಬಂತು. ಬೇರಿದ್ದ ತುಂಡು ಬರಲಿಲ್ಲ.

ಡಾಕ್ಟರು ಸಣ್ಣ ಸನಿಕೆಯಂಥ ಒಂದು ಸಾಮಾನನ್ನು ಅದರ ಅಡಿಗೆ ಕೊಟ್ಟು, "ಈಗ ಒತ್ತೋ ಹಾಗೆ ಆಗುತ್ತಮ್ಮ, ಹೆದರಬೇಡ," ಅಂದು, ಇನ್ನೊಂದು ಕೈಯಲ್ಲಿ ದವಡೆ ಹಿಡಿದು ಮೀಟಿದರು. ಹಲ್ಲು ಕರಕ್ ಅಂತು.

ಅದೇ ಹೊತ್ತಿಗೆ ನೆಲ ಅದುರಿತು.

ಕೆಳಗೆ, ಬಹಳ ಕೆಳಗೆ, ಯಾರೋ ದೊಡ್ಡ ಬಾಗಿಲೊಂದನ್ನು ಬಡಿದು ಮುಚ್ಚಿದಂತಹ ಸದ್ದು. ಕಿಟಕಿಯ ಗಾಜು ಗಲಗಲ ಅಂತು. ಗೋಡೆಯ ಕ್ಯಾಲೆಂಡರು ಓಲಾಡಿತು. ತಟ್ಟೆಯಲ್ಲಿದ್ದ ಇಕ್ಕಳಗಳು ತಾವಾಗೇ ಕುಣಿದವು. ಹೊರಗಿನ ಬೆಂಚಿನಲ್ಲಿ ಸರದಿಗೆ ಕಾದಿದ್ದವರಲ್ಲಿ ಕೆ.ಜಿ.ಎಫ್.ನವರು ಕೂತಲ್ಲೇ ಕೂತರು, ಅವರಿಗಿದು ಹೊಸದಲ್ಲ. ಗಣಿಯ ಆಳದಲ್ಲಿ ಒತ್ತಡಕ್ಕೆ ಬಂಡೆ ಸಿಡಿದರೆ ಮೇಲಿನ ಊರೆಲ್ಲ ಹೀಗೆ ಅದುರುತ್ತದೆ. ಆದರೆ ಹಳ್ಳಿಯಿಂದ ಬಂದಿದ್ದ ಒಬ್ಬಾತ, ಒಳಗೆ ಹಲ್ಲು ಕಿತ್ತ ರಭಸ ಇದು ಅಂದುಕೊಂಡು, ಕೆನ್ನೆ ಹಿಡಿದುಕೊಂಡೇ ಬೀದಿಗೆ ಓಡಿದ. ಮತ್ತೆ ಬರಲಿಲ್ಲ.

ರತ್ನಕ್ಕ ಬಾಯಿ ತೆರೆದುಕೊಂಡೇ ಡಾಕ್ಟರನ್ನು ನೋಡಿದಳು. ಡಾಕ್ಟರ ಕೈಯಲ್ಲಿ ಹಲ್ಲಿನ ಮಿಕ್ಕ ಅರ್ಧ ಇತ್ತು. ಆದರೆ ಅವರು ಅದನ್ನು ನೋಡುತ್ತಿರಲಿಲ್ಲ, ಪಾಪಕ್ಕನನ್ನು ನೋಡುತ್ತಿದ್ದರು.

ಪಾಪಕ್ಕನ ಕೈಯಲ್ಲಿ ಹತ್ತಿಯ ಡಬ್ಬಿ ಇತ್ತು. ಅದನ್ನು ಬಿಗಿಯಾಗಿ ಎದೆಗೆ ಹಿಡಿದು ಕಿಟಕಿಯ ಕಡೆ ಕಿವಿ ಕೊಟ್ಟು ನಿಂತಿದ್ದಳು. ಕುಪ್ಪುಸ್ವಾಮಿ ಆ ಬೆಳಿಗ್ಗೆ ಕೆಳಗೆ ಇಳಿದಿದ್ದ.

ಡಾಕ್ಟರು ಗಾಯದ ಮೇಲೆ ಹತ್ತಿ ಒತ್ತಿ ಹಿಡಿದು, "ಹೋಗಮ್ಮ ಪಾಪಕ್ಕ, ವಿಚಾರಿಸಿಕೊಂಡು ಬಾ," ಅಂದರು. ಪಾಪಕ್ಕ ಅಲುಗಾಡಲಿಲ್ಲ. "ಓದ್ರೆ ಏನಾದ್ರೂ ಯೋಳ್ತಾರೆ ಸಾರ್," ಅಂದಳು ಮೆಲ್ಲಗೆ. ಹೇಳುವುದನ್ನು ಕೇಳುವುದೇ ಆಕೆಗೆ ಬೇಡವಾಗಿತ್ತು.

ಆಗ ರತ್ನಕ್ಕ, ತುಟಿ ಬೋಂಡವಾಗಿ, ಬಾಯಿ ತುಂಬ ಹತ್ತಿ ಇಟ್ಟುಕೊಂಡವಳು, ಕುರ್ಚಿಯಿಂದ ಕೈ ಚಾಚಿ ಪಾಪಕ್ಕನ ಮುಂಗೈ ಹಿಡಿದುಕೊಂಡಳು. ಹಿಡಿದು ಬಿಡಲಿಲ್ಲ. ಮುನಿಸ್ವಾಮಪ್ಪ ನೆಲದಿಂದ ಎದ್ದು, ಯಾರ ಹತ್ತಿರವೂ ಏನೂ ಹೇಳದೆ ಹೊರಗೆ ಹೋದ.

ಆತ ತಿರುಗಿ ಬಂದಾಗ ಪಂಚೆ ಮೊಣಕಾಲಿಗೆ ಎತ್ತಿ ಕಟ್ಟಿತ್ತು, ಓಡಿ ಬಂದ ಏದುಸಿರು. ಬಾಗಿಲು ಹಿಡಿದು ನಿಂತು ಹೇಳಿದ: "ಅಳೇ ಸುರಂಗದಾಗಂತೆ. ಅಲ್ಲಿ ಯಾರೂ ಕೆಲ್ಸಕ್ಕೋಗಲ್ವಂತೆ. ಎಲ್ರೂ ಚೆನ್ನಾಗವ್ರಂತೆ."

ಮದುವೆಯಾದ ಮೇಲೆ ಗಂಡ ಒಂದೇ ಉಸಿರಿಗೆ ಅಷ್ಟು ಮಾತು ಆಡಿದ್ದನ್ನು ರತ್ನಕ್ಕ ಕೇಳಿದ್ದು ಅದೇ ಮೊದಲು. ಪಾಪಕ್ಕ ಹತ್ತಿಯ ಡಬ್ಬಿ ಕೆಳಗಿಟ್ಟು ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಒರೆಸಿಕೊಂಡವಳೇ, ಇನ್ನೂ ತನ್ನ ಕೈ ಹಿಡಿದಿದ್ದ ರತ್ನಕ್ಕನನ್ನು ಬೈದಳು: "ಬಿಡಕ್ಕಾ, ನನ್ ಕೈ ಮುರ್ದೋಯ್ತು. ಪಲ್ಲು ಕಿತ್ತಿದ್ದು ನಿಂದಾ, ನಂದಾ?"

ಡಾಕ್ಟರು ಹೊಲಿಗೆ ಹಾಕಿದರು. ಆಮೇಲೆ ಮುನಿಸ್ವಾಮಪ್ಪನನ್ನು ಎದುರಿಗೆ ಕೂರಿಸಿಕೊಂಡು, ಮನೆಯಲ್ಲಿ ಹೇಗಿರಬೇಕು ಅಂತ ಹೇಳತೊಡಗಿದರು. ಹತ್ತಿ ಕಚ್ಚಿಕೊಂಡೇ ಇರಲಿ. ಉಗುಳಬಾರದು, ಉಗುಳಿದರೆ ಗಾಯದಲ್ಲಿ ಹೆಪ್ಪುಗಟ್ಟಿದ ರಕ್ತ ಕಿತ್ತು ಬರುತ್ತದೆ, ಆಮೇಲೆ ಹಲ್ಲು ನೋವೇ ವಾಸಿ ಅನ್ನಿಸುವಂಥ ನೋವು ಬರುತ್ತದೆ. ಎಲೆ ಅಡಿಕೆ, ಹೊಗೆಸೊಪ್ಪು ಕೂಡದು. ಬಿಸಿ ಬೇಡ, ತಣ್ಣಗಿನ ಗಂಜಿ, ಅಂಬಲಿ, ಮೊಸರನ್ನ. ಇವತ್ತು ಕೆನ್ನೆಗೆ ಐಸ್ ಇಡಿ. ಊತ ನಾಳೆ ನಾಡಿದ್ದು ಇನ್ನೂ ಜಾಸ್ತಿಯಾಗುತ್ತದೆ, ಅದಕ್ಕೆ ಹೆದರಿ ಓಡಿ ಬರಬೇಡಿ, ತಾನಾಗಿ ಇಳಿಯುತ್ತದೆ. ನಾಳೆಯಿಂದ ಉಗುರುಬೆಚ್ಚಗಿನ ಉಪ್ಪು ನೀರು. ಮುಕ್ಕಳಿಸಬಾರದು, ಸುಮ್ಮನೆ ಬಾಯಲ್ಲಿ ಹಿಡಿದಿದ್ದು ತಾನಾಗೇ ಬೀಳಲು ಬಿಡಬೇಕು. ನಾಡಿದ್ದಿನಿಂದ ಬೆರಳಿಟ್ಟು ಬಾಯಿ ಎಷ್ಟು ತೆರೆಯುತ್ತದೆ ನೋಡುತ್ತಿರಲಿ, ಮೊದಲು ಒಂದು ಬೆರಳು, ಆಮೇಲೆ ಎರಡು. ಮತ್ತೆ, ಆದಷ್ಟು ಮಾತು ಬೇಡ.

ಅಲ್ಲಿಯ ತನಕ ಪ್ರತಿಯೊಂದಕ್ಕೂ "ಊಂ" ಅನ್ನುತ್ತಿದ್ದ ಮುನಿಸ್ವಾಮಪ್ಪ ಕೊನೆಯ ಮಾತಿಗೆ ತಲೆ ಎತ್ತಿದ. "ಆಗ್ಲೇಳು," ಅಂದ.

ಮಾರಿಕುಪ್ಪಂ ಸ್ಟೇಷನ್ನಿನಲ್ಲಿ ಐಸ್ ಕ್ಯಾಂಡಿ ಮಾರುವವನ ಹತ್ತಿರ ಐಸ್ ತೆಗೆದುಕೊಂಡು ಟವೆಲಿನಲ್ಲಿ ಸುತ್ತಿ ಕೆನ್ನೆಗಿಟ್ಟರು. ಬಣ್ಣದ ಐಸ್ ಅದು. ರತ್ನಕ್ಕನ ಕೆನ್ನೆ, ಕತ್ತು, ರವಿಕೆಯ ತೋಳು ಎಲ್ಲ ಕೆಂಪಾದವು. ರೈಲು ಹತ್ತಿದಾಗ ಡಬ್ಬಿಯ ಜನ ಅದನ್ನು ರಕ್ತ ಅಂದುಕೊಂಡು ಎದ್ದು ನಿಂತರು. ಏನಾಯಿತು, ಏನಾಯಿತು ಅಂತ ಎಲ್ಲರೂ ಕೇಳಿದರು. ರತ್ನಕ್ಕ ಹತ್ತಿ ಕಚ್ಚಿ ಗಂಡನ ಕಡೆ ಕೈ ತೋರಿಸಿದಳು. ಉತ್ತರ ಹೇಳುವ ಭಾರ ಆತನ ಮೇಲೆ ಬಿತ್ತು. ಬೆಳಗಿನಿಂದ ಆಗಲೇ ತನ್ನ ವರ್ಷದ ಮಾತು ಮುಗಿಸಿದ್ದ ಮುನಿಸ್ವಾಮಪ್ಪ ಆದಷ್ಟು ಚಿಕ್ಕದಾಗಿ ಹೇಳಿದ:

"ಅಲ್ಲು ಕಿತ್ರು. ಭೂಮಿ ಅದುರ್ತು."

ಎರಡೂ ನಿಜವೇ. ಆದರೆ ಡಬ್ಬಿಯ ಜನ ಎರಡನ್ನೂ ಒಂದು ಮಾಡಿಕೊಂಡರು. ರೈಲು ಬಂಗಾರಪೇಟೆ ಮುಟ್ಟುವ ಹೊತ್ತಿಗೆ ಡಾಕ್ಟರು ಮೂವರಾಗಿದ್ದರು. ಗಂಡ ಹೆಂಡತಿ ನಡೆದು ಊರು ಸೇರುವುದರೊಳಗೆ ಸುದ್ದಿ ಸೈಕಲ್ ಮೇಲೆ ಮೊದಲೇ ಹೋಗಿತ್ತು: ರತ್ನಕ್ಕನ ಬುದ್ಧಿ ಹಲ್ಲು ಕಿತ್ತಾಗ ಕೋಲಾರದ ತನಕ ಭೂಮಿ ನಡುಗಿತಂತೆ.

ಡಾಕ್ಟರು ಹೇಳಿದ ಹಾಗೆಯೇ ಆಯಿತು. ಮಾರನೆಯ ದಿನ ಊತ ಹೆಚ್ಚಿತು. ಎಡಗೆನ್ನೆ ಎದ್ದು ಕಣ್ಣಿನ ಕೆಳಗಿನ ತನಕ ಬಂತು. ಮೂರನೆಯ ದಿನ ಕೆನ್ನೆಯ ಕೆಳಗೆ ಹಳದಿ ಹಸಿರು ಬಣ್ಣವೂ ಇಳಿಯಿತು. ನೋಡಲು ಬಂದವರು ಜಗಲಿಯ ಕೆಳಗೇ ನಿಂತು ನೋಡಿ ಹೋಗುತ್ತಿದ್ದರು. ಮುನಿಸ್ವಾಮಪ್ಪ ತಾನೇ ಹಾಲು ಕರೆದು, ಬೆಳಗಿನ ರೈಲಿಗೆ ಮೊಸರು ಹೊತ್ತುಕೊಂಡು ಹೋಗಿ ಬರುತ್ತಿದ್ದ. ಗಿರಾಕಿಗಳ ಪ್ರಶ್ನೆಗೆಲ್ಲ ಉತ್ತರ ಹೇಳಿ ಹೇಳಿ, ಮನೆಗೆ ಬರುವ ಹೊತ್ತಿಗೆ ಆತನ ದವಡೆಯೂ ನೋಯುತ್ತಿತ್ತು.

ಆಗ ಆಂಜಿನಪ್ಪ ಬಂದ.

ರತ್ನಕ್ಕ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದಳು. ಆಗ ತಾನೇ ಉಪ್ಪು ನೀರು ಬಾಯಿಗೆ ಹಾಕಿಕೊಂಡಿದ್ದಳು. ಉಗುಳುವಂತಿಲ್ಲ, ನುಂಗುವಂತಿಲ್ಲ, ಮಾತಾಡುವಂತೆಯೂ ಇಲ್ಲ. ಊದಿದ ಮುಖದಲ್ಲಿ ಕಣ್ಣೆರಡು ಮಾತ್ರ ಆಂಜಿನಪ್ಪನನ್ನು ನೆಟ್ಟು ನೋಡುತ್ತಿದ್ದವು.

"ಅಕ್ಕಾ, ನಿನ್ ಮೈಗೆ ಉಸಾರಿಲ್ದೇ ಇರೋವಾಗ ಬಂದೆ ಅಂತ ಬೇಜಾರ್ ಮಾಡ್ಕಬೇಡ. ಊರಾಗೆ ಮಾತಾಡ್ಕತಾವ್ರೆ, ನಂದಲ್ಲ ಮಾತು. ನೀನು ಕೋಳಿ ನ್ಯಾಯ ಯೋಳ್ದಾಗ ಅಲ್ಲು ಕೆಟ್ಟಿತ್ತಂತೆ. ಕೆಟ್ಟಿದ್ದು ಬುದ್ಧಿ ಅಲ್ಲು. ಅಂಗಂದ್ರೆ ನ್ಯಾಯಾನೂ..."

ರತ್ನಕ್ಕ ನೋಡುತ್ತಲೇ ಇದ್ದಳು.

"ಕೆಟ್ಟಿತ್ತು ಅಂತ ನಾನಂತಿಲ್ಲ. ಒಸಿ ಇನ್ನೊಂದ್ಸಲ ಯೋಚ್ನೆ ಮಾಡ್ಬೋದಲ್ವಾ ಅಂತ."

ರತ್ನಕ್ಕ ಕಣ್ಣು ಮಿಟುಕಿಸಲಿಲ್ಲ. ಸಾಮಾನ್ಯವಾಗಿ ಅಷ್ಟು ಹೊತ್ತಿಗೆ ಆಕೆ ನಾಲ್ಕು ಮಾತು ಬೈದಿರುತ್ತಿದ್ದಳು, ಆತನೂ ಎರಡು ತಿರುಗಿಸಿ ಹೇಳಿ ಹಗುರಾಗಿರುತ್ತಿದ್ದ. ಈ ಮೌನ ಆಂಜಿನಪ್ಪನಿಗೆ ಅಭ್ಯಾಸವಿರಲಿಲ್ಲ. ಅಷ್ಟರಲ್ಲಿ ರತ್ನಕ್ಕನನ್ನು ನೋಡಲು ಕೋದಂಡಪ್ಪನೂ ಬಂದು ಬೇಲಿಯ ಬಳಿ ನಿಂತಿದ್ದ. ಆಂಜಿನಪ್ಪನಿಗೆ ಅದು ಕಾಣಲಿಲ್ಲ.

"ಯಾಕಕ್ಕಾ ಅಂಗ್ ನೋಡ್ತೀಯ? ಕೋಳಿ ಅದಾಗದೇ ಬಂತು. ನಾನೇನ್ ಕರ್ದಿಲ್ಲ." ಬೆವರು ಒರೆಸಿಕೊಂಡ. "ಒಸಿ ರಾಗಿ ಬಿದ್ದಿರ್ಬೌದು ಮೆದೆ ಅತ್ರ. ಗಾಳಿಗೆ." ರತ್ನಕ್ಕನ ಬಾಯಿಯಲ್ಲಿ ನೀರು ತುಂಬಿ ಕೆನ್ನೆ ಇನ್ನೂ ಉಬ್ಬಿತು. "ಆಯ್ತಕ್ಕಾ, ಗಾಳಿಗಲ್ಲ. ನಾನೇ ಚೆಲ್ದೆ. ದಿನಾ ಅಲ್ಲ ಕಣಕ್ಕಾ, ಒಂದೊಂದಿನ. ಒಂದು ಇಡಿ. ಮಂಕರಿ ಬುಟ್ಟಿನೂ ನಾನೇ ಇಟ್ಟಿದ್ದು, ಅದ್ಕೆ ಕೂರಾಕೆ ಸಲೀಸಾಗ್ಲಿ ಅಂತ..."

"ಅದ್ಕೇ ಏನ್ಲಾ ನನ್ ಕೋಳಿ ಮನೆ ಸೇರ್ದೇ ಓಗಿದ್ದು!" ಕೋದಂಡಪ್ಪ ಬೇಲಿಯ ಹಿಂದಿನಿಂದ ಕೂಗಿದ.

ಇಬ್ಬರ ಕೂಗಾಟಕ್ಕೆ ಅರ್ಧ ಊರು ಸೇರಿತು. ಇದೆಲ್ಲದರ ನಡುವೆ ರತ್ನಕ್ಕ ಬಗ್ಗಿ, ಡಾಕ್ಟರು ಹೇಳಿದಂತೆ ನೀರನ್ನು ತಾನಾಗೇ ಬಟ್ಟಲಿಗೆ ಬೀಳಲು ಬಿಟ್ಟಳು. ಆಮೇಲೆ ಬಾಯಿ ಎಷ್ಟು ತೆರೆಯುತ್ತದೆ ನೋಡೋಣವೆಂದು ಎರಡು ಬೆರಳು ಮೇಲೆತ್ತಿದಳು.

ಅದನ್ನು ಕಂಡು ಜನರೆಲ್ಲ ಮುನಿಸ್ವಾಮಪ್ಪನ ಮುಖ ನೋಡಿದರು. ಮೂರು ದಿನದಿಂದ ಹೆಂಡತಿಯ ಕೈಸನ್ನೆಗೆ ಬಾಯಿ ಆತನೇ ಆಗಿದ್ದನಲ್ಲ. ಮುನಿಸ್ವಾಮಪ್ಪ ಆ ಎರಡು ಬೆರಳನ್ನು ನೋಡಿದ, ತಲೆ ಕೆರೆದುಕೊಂಡ.

"ಇಬ್ರಿಗೂ ಅಂತ," ಅಂದ. "ಕೋಳಿ ಕೋದಂಡಪ್ಪಂದು, ರಾಗಿ ಆಂಜಿನಪ್ಪಂದು. ಮೊಟ್ಟೆ ಒಂದಿನ ಅವ್ನಿಗೆ, ಒಂದಿನ ಇವ್ನಿಗೆ."

ರತ್ನಕ್ಕನ ಎರಡು ಬೆರಳು ಬಾಯಿಯ ಹತ್ತಿರ ಬಂದು ಅಲ್ಲೇ ನಿಂತವು. ಆಕೆ ಗಂಡನ ಕಡೆ ತಿರುಗಿ ನೋಡಿದ ನೋಟಕ್ಕೆ ಆತ ಒಂದು ಹೆಜ್ಜೆ ಹಿಂದೆ ಸರಿದ. ಆದರೆ ಕೋದಂಡಪ್ಪ ಆಗಲೇ ತಲೆಯಾಡಿಸುತ್ತಿದ್ದ. ರಾಗಿ ಖರ್ಚಿಲ್ಲದೆ ಕೋಳಿ ಮೇಯುತ್ತದೆ ಅನ್ನುವುದು ಆತನಿಗೆ ಹೊಳೆದಿತ್ತು. ಆಂಜಿನಪ್ಪನಂತೂ ಬದುಕಿದೆಯಾ ಬಡಜೀವವೇ ಅಂತ ಕೈ ಮುಗಿದ. "ನೋಡಿದ್ರಾ," ಅಂದ ಸುತ್ತಲಿನವರಿಗೆ, "ಅಲ್ಲು ಓದ್ರೂ ಬುದ್ಧಿ ಎಲ್ಲೂ ಓಗಿಲ್ಲ!"

ಆ ತೀರ್ಮಾನ ತನ್ನದಲ್ಲ ಅಂತ ರತ್ನಕ್ಕ ಹೇಳಿದ್ದು ನಮ್ಮ ಅಮ್ಮನ ಹತ್ತಿರ ಮಾತ್ರ, ಅದೂ ಬಹಳ ವರ್ಷ ಆದ ಮೇಲೆ. ಯಾಕೆ ಆಗಲೇ ಹೇಳಲಿಲ್ಲ ಅಂತ ಅಮ್ಮ ಕೇಳಿದರೆ, "ಚೆನ್ನಾಗೇ ಇತ್ತಲ್ಲಕ್ಕಾ. ಅವ್ರಿಗೂ ಒಳಗೆ ಇಷ್ಟು ಮಾತೈತೆ ಅಂತ ನಂಗೇನ್ ಗೊತ್ತು," ಅಂದಳಂತೆ.

ಹೊಲಿಗೆ ಬಿಚ್ಚಿಸಲು ಹೋದ ದಿನ ಊತ ಪೂರಾ ಇಳಿದಿತ್ತು. ಡಾಕ್ಟರು ಗಾಯ ನೋಡಿ, ಬಲಗಡೆಯೂ ಇಂಥದೇ ಒಂದು ಮಲಗಿದೆ, ಈಗಲ್ಲದಿದ್ದರೂ ಮುಂದೆ ನೋವು ಕೊಟ್ಟರೆ ಬಾ ಅಂದರು. ಅದು ಮಲಗಿರಲಿ, ಎಬ್ಬಿಸಬೇಡಿ ಸೋಮಿ ಅಂತ ರತ್ನಕ್ಕ ಕೈ ಮುಗಿದಳು. ಅದು ಕೊನೆಯ ತನಕ ಮಲಗಿಯೇ ಇತ್ತು.

ಅಲ್ಲಿಂದ ಇಬ್ಬರೂ ಮೈಸೂರು ಮೈನ್ಸಿನ ಲೈನಿಗೆ, ಪಾಪಕ್ಕನ ಮನೆಗೆ ಹೋದರು. ಕುಪ್ಪುಸ್ವಾಮಿಗೆ ಅಂದು ರಜೆ. ಬಾಗಿಲಲ್ಲಿ ಚಾಪೆ ಹಾಕಿಕೊಂಡು ಊಟಕ್ಕೆ ಕೂತಿದ್ದ. ತೆಳ್ಳಗಿನ ಮನುಷ್ಯ. ರತ್ನಕ್ಕ ಆತನನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಯಾವಾಗ ಹೋದರೂ ಆತ ಭೂಮಿಯ ಕೆಳಗೇ ಇರುತ್ತಿದ್ದ. ಆಕೆ ಬಿಂದಿಗೆ ಇಳಿಸಿ, ಕೇಳದೆಯೇ ಆತನ ಅನ್ನದ ಮೇಲೆ ಗಟ್ಟಿ ಮೊಸರು ಸುರಿದಳು.

"ಸಾಕು, ಸಾಕು," ಅಂತ ಕುಪ್ಪುಸ್ವಾಮಿ ಕೈ ಅಡ್ಡ ಹಿಡಿದ. ಆಮೇಲೆ ಕೇಳಿದ, "ತುಂಬಾ ನೋವಾಯ್ತಾ ಅಮ್ಮಾ?"

"ಏನಿಲ್ಲಪ್ಪ. ಒಸಿ ಊದ್ಕಂಡಿತ್ತು, ಅಷ್ಟೇ." ರತ್ನಕ್ಕ ಸೆರಗು ಸರಿಮಾಡಿಕೊಂಡಳು. "ನಿಂಗೆ? ಕೆಳಗೆ ಭಯ ಆಯ್ತಾ ಅವತ್ತು?"

ಕುಪ್ಪುಸ್ವಾಮಿ ಒಂದು ತುತ್ತು ಕಲಸಿದ. "ಏನಿಲ್ಲ. ಒಸಿ ಧೂಳು ಬಂತು, ಅಷ್ಟೇ."

ಒಳಗಿನಿಂದ ಪಾಪಕ್ಕ ನಕ್ಕಿದ್ದು ಲೈನಿನ ಕೊನೆಯ ಮನೆಗೂ ಕೇಳಿಸಿತು. ಮುನಿಸ್ವಾಮಪ್ಪ ಹೊಸ್ತಿಲ ಬಳಿ ಕುಕ್ಕರಗಾಲಲ್ಲಿ ಕೂತಿದ್ದವನು, ಯಾರೂ ಕೇಳದಿದ್ದರೂ ತಾನಾಗೇ ಬಾಯಿ ತೆರೆದು, ತಾನು ಬಿದ್ದದ್ದು ಸೂಜಿ ನೋಡಿ ಅಲ್ಲ, ಬೆಳಿಗ್ಗೆ ಏನೂ ತಿಂದಿರಲಿಲ್ಲ, ಅದಕ್ಕೇ ಹಾಗಾಯಿತು ಅಂತ ವಿವರವಾಗಿ ಹೇಳಲು ಶುರುಮಾಡಿದ.